ಸಹಾಯ ಬೇಕು: ನಟರಾಜನ ನೆರಳೂ ಸ್ಪಷ್ಟವಾಗಿರಬೇಕು, ಕಂಚೂ ಹೊಳಪಿನಲ್ಲಿ ಬೆಳ್ಳಗಾಗಬಾರದು

ಎಲ್ಲರಿಗೂ ನಮಸ್ಕಾರ. ಸೆಲ್ವರಾಘವನ್ ನಿರ್ದೇಶಿಸಿ 2010ರಲ್ಲಿ ತೆರೆಕಂಡ ತಮಿಳು ಚಿತ್ರ ‘ಆಯಿರತ್ತಿಲ್ ಒರುವನ್’ನಲ್ಲಿ ಮರಳಿನ ಮೇಲೆ ನಟರಾಜನ ನೆರಳು ಮೂಡುವ, ಆ ನೆರಳಿನೊಳಗೇ ಓಡಿ ಪ್ರಾಣ ಉಳಿಸಿಕೊಳ್ಳಬೇಕಾದ ದೃಶ್ಯವನ್ನು ಹಲವರು ನೋಡಿರುತ್ತೀರಿ. ಛಾಯಾಗ್ರಾಹಕ ರಾಮ್‌ಜಿಯವರ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ದೃಶ್ಯವದು. ತಮಿಳುನಾಡಿನ ಸ್ವಾಮಿಮಲೆಯಿಂದ ತಂದ ಗೇಣುದ್ದದ ಕಂಚಿನ ನಟರಾಜನನ್ನು ಅದೇ ಭಾವದಲ್ಲಿ ಸೆರೆಹಿಡಿದು, ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ ತಂದೆಯವರಿಗೆ ಕೊಡಬೇಕೆಂಬುದು ನನ್ನ ಆಸೆ.

ಮೇಜಿನ ಮೇಲೆ ಜರಡಿ ಹಿಡಿದ ಮರಳನ್ನು ಹರಡಿ, ಕೋಣೆಯನ್ನು ಕತ್ತಲಾಗಿಸಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಐಎಸ್‌ಒ (ಬೆಳಕಿನ ಸಂವೇದನೆ) 100 ಮತ್ತು ಎಫ್ 8ರಲ್ಲಿ (ಲೆನ್ಸಿನ ದ್ಯುತಿರಂಧ್ರದ ಅಳತೆ) ಮೂರು ಸಂಜೆ ಪ್ರಯತ್ನಿಸಿದ್ದೇನೆ. ಚಿಕ್ಕ ಎಲ್‌ಇಡಿ ಟಾರ್ಚನ್ನು ದೂರದಲ್ಲಿ, ಪಕ್ಕಕ್ಕೆ ತಗ್ಗಿಸಿ ಹಿಡಿದರೆ ಪ್ರಭಾವಳಿಯ ಜ್ವಾಲೆಗಳನ್ನು ಒಂದೊಂದಾಗಿ ಎಣಿಸುವಷ್ಟು ನೆರಳು ಸ್ಪಷ್ಟವಾಗಿ ಬೀಳುತ್ತದೆ. ಆದರೆ ಎತ್ತಿದ ಪಾದದ ಮೇಲೂ ಭುಜದ ಮೇಲೂ ಹೊಳಪು ಬಿಳಿಯ ಮಚ್ಚೆಯಾಗಿ ಉಳಿದು, ಅಲ್ಲಿನ ಕೆತ್ತನೆಯೇ ಕಾಣುವುದಿಲ್ಲ. ಟಾರ್ಚಿನ ಮುಂದೆ ಟ್ರೇಸಿಂಗ್ ಕಾಗದ ಹಿಡಿದರೆ ಹೊಳಪು ತಗ್ಗುತ್ತದೆ, ಆದರೆ ನೆರಳಿನ ಜ್ವಾಲೆಗಳೆಲ್ಲ ಕಲಸಿಹೋಗುತ್ತವೆ. ಪ್ರತಿಫಲನದ ಹೊಳಪು ತಗ್ಗಿಸಲು ಲೆನ್ಸಿಗೆ ಹಾಕುವ ಫಿಲ್ಟರ್ ಆದ ಪೋಲರೈಸರ್ ಹಾಕಿಯೂ ನೋಡಿದೆ. ಲೋಹದ ಹೊಳಪಿಗೆ ಅದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ.

ನನ್ನ ಗೊಂದಲ ಇಷ್ಟೇ. ನೆರಳಿಗೆ ಬರಿಯ ಟಾರ್ಚಿನಲ್ಲಿ ಒಂದು, ವಿಗ್ರಹಕ್ಕೆ ಮೃದು ಬೆಳಕಿನಲ್ಲಿ ಇನ್ನೊಂದು ಚಿತ್ರ ತೆಗೆದು ಎರಡನ್ನೂ ಜೋಡಿಸುವುದು ಸರಿಯೋ, ಅಥವಾ ಒಂದೇ ಚಿತ್ರದಲ್ಲಿ ಎರಡನ್ನೂ ಸಾಧಿಸಬಹುದೋ? ಸಾಧ್ಯವಿದ್ದರೆ, ಟಾರ್ಚಿನ ಜೊತೆಗೆ ಬೆಳಕನ್ನು ಪ್ರತಿಫಲಿಸುವ ಬಿಳಿ ಹಲಗೆಯನ್ನು ಯಾವ ಬದಿಗೆ, ಎಷ್ಟು ಹತ್ತಿರದಲ್ಲಿ ಇಡಬೇಕು? ಲೋಹದ ವಿಗ್ರಹಗಳ ಛಾಯಾಗ್ರಹಣ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಿ.