ಮಂಗಳೂರು ಪೇಟೆ ನಡುವಿನ ಹಳೆ ಮನೆ ಜಾಗ: ಹೋಟೆಲಿಗೆ ಲೀಸ್ ಕೊಡುವುದಾ, ಫ್ಲಾಟ್ ಕಟ್ಟಿಸುವುದಾ?

ಹಂಚಿನಮನೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹಂಪನಕಟ್ಟೆಗೆ ನಡೆದೇ ಹೋಗಬಹುದಾದಷ್ಟು ಹತ್ತಿರ ನಮ್ಮದೊಂದು ಹಳೆ ಹಂಚಿನ ಮನೆ ಉಂಟು. ಜಾಗ 34 ಸೆಂಟ್ಸ್. ಈಗ ಅಲ್ಲಿ ಅಮ್ಮ ಮತ್ತು ಚಿಕ್ಕಮ್ಮ ಇಬ್ಬರೇ ಇರುವುದು. ನಾನು ಬೆಂಗಳೂರಿನಲ್ಲಿ, ಅಣ್ಣ ಮಸ್ಕತ್‌ನಲ್ಲಿ. ಮಾಡಿನ ಪಕ್ಕಾಸು, ರೀಪು (ಹಂಚು ಹೊರುವ ಮರದ ತೊಲೆ, ಪಟ್ಟಿ) ಎಲ್ಲ ಹಾಳಾಗಿದೆ. ಮಳೆಗೆ ಮುಂಚೆ ಹಂಚು ಸರಿ ಮಾಡಿಕೊಡುವವರನ್ನು ಹುಡುಕುವುದೇ ದೊಡ್ಡ ಕೆಲಸ, ಸಿಕ್ಕಿದರೂ ಅವರು ಹೇಳುವ ರೇಟು ಕೇಳಿ ಅಮ್ಮ ಬೇಡವೇ ಬೇಡ ಅನ್ನುತ್ತಾರೆ. ಇನ್ನು ಜಾಸ್ತಿ ದಿನ ಹೀಗೆ ನಡೆಸಲು ಆಗುವುದಿಲ್ಲ ಅಂತ ಮನೆಯವರೆಲ್ಲ ಒಪ್ಪಿದ್ದೇವೆ.

ಎರಡು ಆಫರ್ ಬಂದಿದೆ. ಒಂದು ಊರಿನ ಬಿಲ್ಡರದ್ದು, ಜಾಯಿಂಟ್ ಡೆವಲಪ್‌ಮೆಂಟ್. ನೆಲ ನಮ್ಮದು, ಖರ್ಚು ಅವರದು, ಕಟ್ಟಿದ್ದರಲ್ಲಿ 40 ಪರ್ಸೆಂಟ್ ನಮಗೆ. ಕೆಳಗೆ ಅಂಗಡಿ, ಮೇಲೆ ಎರಡು ಮತ್ತು ಮೂರು ಬೆಡ್‌ರೂಮಿನ ಫ್ಲಾಟು. ಇನ್ನೊಂದು ಹೊರಗಿನ ಹೋಟೆಲಿನವರದು. 29 ವರ್ಷಕ್ಕೆ ಲೀಸ್ ಕೊಡಿ, ಕಟ್ಟಡ ನಾವೇ ಕಟ್ಟುತ್ತೇವೆ, ತಿಂಗಳಿಗೆ ಇಷ್ಟು ಬಾಡಿಗೆ, ಮೂರು ವರ್ಷಕ್ಕೊಮ್ಮೆ ಏರಿಸುತ್ತೇವೆ ಅನ್ನುತ್ತಾರೆ. ಅಣ್ಣನ ಮನಸ್ಸು ಹೋಟೆಲ್ ಕಡೆ, ಜಾಗ ನಮ್ಮ ಹೆಸರಿನಲ್ಲೇ ಉಳಿಯುತ್ತದಲ್ಲ ಅಂತ. ಅಮ್ಮನಿಗೆ ಬೇಕಾದ್ದು ಇಷ್ಟೇ, ಇದೇ ಓಣಿಯಲ್ಲಿ ಇರಬೇಕು. ಮೀನು, ತರಕಾರಿ ನಡೆದೇ ತರುತ್ತಾರೆ, ವೆನ್ಲಾಕ್ ಆಸ್ಪತ್ರೆ ಹತ್ತಿರ, ದೇವಸ್ಥಾನ ಹತ್ತಿರ, ಮಾತಾಡಿಸುವವರು ಇದ್ದಾರೆ. ಜಾಗದ ಮೂಲೆಯಲ್ಲಿ ಒಂದು ಸಣ್ಣ ನಾಗಬನವೂ (ನಾಗನ ಕಲ್ಲು, ಮರ ಇರುವ ಪೂಜೆಯ ಜಾಗ) ಉಂಟು, ಅದನ್ನು ಮುಟ್ಟುವ ಮಾತೇ ಇಲ್ಲ.

ದುಡ್ಡಿನ ಲೆಕ್ಕದ ಜೊತೆ ಇನ್ನೊಂದು ಚಿಂತೆ ನನ್ನನ್ನು ಬಿಡುತ್ತಿಲ್ಲ. ನಮ್ಮ ಸುತ್ತಮುತ್ತ ಎಷ್ಟೋ ಫ್ಲಾಟು ಎದ್ದಿವೆ, ಆದರೆ ರಾತ್ರಿ ನೋಡಿದರೆ ಅರ್ಧದಷ್ಟರಲ್ಲಿ ದೀಪ ಇಲ್ಲ. ಖರೀದಿ ಮಾಡಿದವರು ಗಲ್ಫ್‌ನಲ್ಲಿ ಇದ್ದಾರೆ. ನಾವೂ ಅಂಥದ್ದೇ ಒಂದನ್ನು ಕಟ್ಟಿಸಿದರೆ ಓಣಿಗೆ ಏನು ಬಂತು? ಪೇಟೆಯಲ್ಲಿ ಜನ ಇರಬೇಕು ಅನ್ನುವುದು ನನ್ನ ಆಸೆ. ಇದರ ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಲೆಕ್ಕದವನು:

ಮೊದಲು ಜಾಗದ ಕಾಗದ ತೆಗೆಯಿರಿ. ಬಿಲ್ಡರೂ ಬೇಡ, ಹೋಟೆಲೂ ಬೇಡ, ಮೊದಲು ಅದು ಮೂಲಿ ಹಕ್ಕಿನ (ಪೂರ್ತಿ ಸ್ವಂತ ಒಡೆತನದ) ಜಾಗವಾ, ಮೂಲಗೇಣಿಯಾ (ಇನ್ನೊಬ್ಬರ ನೆಲದ ಶಾಶ್ವತ ಗೇಣಿ) ಅಂತ ನೋಡಿಸಿ. ಮಂಗಳೂರು ಪೇಟೆಯ ಹಳೆ ಅಡಿಸ್ಥಳಗಳಲ್ಲಿ ಮೂಲಗೇಣಿ ಬೇಕಾದಷ್ಟು. ಮನೆಯವರು ತಲೆಮಾರಿನಿಂದ ನಮ್ಮದೇ ಅಂದುಕೊಂಡಿರುತ್ತಾರೆ, ನೆಲದ ಮೂಲ ಒಡೆಯರು ಬೇರೆ ಯಾರೋ ಇರುತ್ತಾರೆ. ಮೂಲಗೇಣಿದಾರರಿಗೆ ಒಡೆತನ ಕೊಡಲೆಂದೇ 2011ರ ಕಾನೂನು ಬಂತು, ಅದು ಕೋರ್ಟಿಗೂ ಹೋಯಿತು. ಹಾಗಾಗಿ ನಿಮ್ಮ ಜಾಗದ ಮಟ್ಟಿಗೆ ಇವತ್ತಿನ ಸ್ಥಿತಿ ಏನು ಅಂತ ಇಲ್ಲಿನ ಸಿವಿಲ್ ವಕೀಲರೊಬ್ಬರ ಹತ್ತಿರ ಬರೆಸಿಕೊಳ್ಳಿ. ಅಜ್ಜಿ ಕಡೆಯಿಂದ ಬಂದ ಆಸ್ತಿ ಅಂದರೆ ಅಳಿಯಕಟ್ಟಿನ (ತಾಯಿ ಕಡೆಯಿಂದ ಆಸ್ತಿ ಇಳಿಯುವ) ಕುಟುಂಬ ಇರಬಹುದು, ಪಾಲುಪಟ್ಟಿ ಆಗಿದೆಯಾ, ಚಿಕ್ಕಮ್ಮನ ಮಕ್ಕಳು ಸಹಿ ಹಾಕಬೇಕಾ, ಇದೆಲ್ಲ ಈಗಲೇ ಮುಗಿಸಿ. ಕಟ್ಟಡ ಅರ್ಧ ಎದ್ದ ಮೇಲೆ ಒಬ್ಬರು ಸ್ಟೇ ತಂದರೆ ಎಲ್ಲರೂ ಮುಳುಗುತ್ತಾರೆ.

ಇನ್ನು ಟ್ಯಾಕ್ಸ್. ನೋಂದಣಿ ಮಾಡಿಸಿದ ಜೆಡಿಎ (ಬಿಲ್ಡರ್ ಜೊತೆಗಿನ ಜಾಯಿಂಟ್ ಡೆವಲಪ್‌ಮೆಂಟ್ ಕರಾರು) ಆದರೆ, ವ್ಯಕ್ತಿಗಳಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಕ್ಕೆ ಕ್ಯಾಪಿಟಲ್ ಗೇನ್ಸ್ (ಆಸ್ತಿಯ ಲಾಭದ ಮೇಲಿನ ಟ್ಯಾಕ್ಸ್) ಲೆಕ್ಕ ಬರುವುದು ಸಹಿ ಹಾಕಿದ ವರ್ಷ ಅಲ್ಲ, ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ವರ್ಷ. 2017ರಿಂದ ಹೀಗೆ. ಆದರೆ ಸರ್ಟಿಫಿಕೇಟ್ ಬರುವ ಮುಂಚೆಯೇ ನಿಮ್ಮ ಪಾಲನ್ನು ಮಾರಿದಿರೋ, ಈ ಸೌಲಭ್ಯ ಹೋಯಿತು. ಅಣ್ಣನವರು ಅವಸರ ಮಾಡಿ ತಮ್ಮ ಪಾಲಿನ ಫ್ಲಾಟು ಬುಕಿಂಗ್‌ನಲ್ಲೇ ಮಾರಲು ಹೊರಟರೆ ಈ ಮಾತು ನೆನಪಿಸಿ.

ಹೋಟೆಲಿನ ಬಾಡಿಗೆಗೆ 18 ಪರ್ಸೆಂಟ್ ಜಿಎಸ್‌ಟಿ ಉಂಟು, ವರ್ಷಕ್ಕೆ 20 ಲಕ್ಷ ದಾಟಿದರೆ ನೀವು ರಿಜಿಸ್ಟರ್ ಆಗಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5 ಪರ್ಸೆಂಟ್ ಆಯಿತು, ಗಿರಾಕಿಗೆ ಒಳ್ಳೆಯದೇ, ಆದರೆ ಹೋಟೆಲಿನವರಿಗೆ ಇನ್‌ಪುಟ್ ಕ್ರೆಡಿಟ್ (ತಾವು ಕಟ್ಟಿದ ಜಿಎಸ್‌ಟಿಯನ್ನು ಕಳೆದುಕೊಳ್ಳುವ ಸೌಲಭ್ಯ) ಇಲ್ಲ. ಅಂದರೆ ನಿಮಗೆ ಕೊಡುವ ಬಾಡಿಗೆ ಮೇಲಿನ 18 ಪರ್ಸೆಂಟ್ ಅವರ ಕೈಯಿಂದಲೇ ಹೋಗುತ್ತದೆ. ಅವರು ಹೇಳಿದ ಬಾಡಿಗೆ ಜಿಎಸ್‌ಟಿ ಸೇರಿಸಿಯಾ, ಬಿಟ್ಟಾ ಅಂತ ಬರವಣಿಗೆಯಲ್ಲಿ ಕೇಳಿ. ಇಲ್ಲಿಯೇ ದೊಡ್ಡ ವ್ಯತ್ಯಾಸ ಬರುವುದು.

ಫ್ರಂಟ್‌ಆಫೀಸ್:

ನಾನು ಇಲ್ಲಿನ ಹೋಟೆಲುಗಳಲ್ಲೇ ಕೆಲಸ ಮಾಡಿಕೊಂಡು ಬಂದವನು, ಹಾಗಾಗಿ ರೂಮು ತುಂಬಿಸುವವರು ಯಾರು ಅಂತ ಹೇಳುತ್ತೇನೆ.

ಮಂಗಳೂರಿನ ಗಿರಾಕಿ ಗೋವಾದ ಹಾಗೆ ಸಮುದ್ರ ನೋಡಲು ಬರುವವರಲ್ಲ. ಆಸ್ಪತ್ರೆಗೆ ಬರುವವರು, ಕಾಸರಗೋಡಿನಿಂದ, ಮಲೆನಾಡಿನಿಂದ, ಉತ್ತರ ಕನ್ನಡದಿಂದ. ಮೆಡಿಕಲ್, ಇಂಜಿನಿಯರಿಂಗ್ ಅಡ್ಮಿಷನ್ನಿಗೆ ಮಕ್ಕಳ ಜೊತೆ ಬರುವ ಅಪ್ಪ ಅಮ್ಮಂದಿರು. ಬಂದರು, ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದ ಕಡೆಯ ಕೆಲಸದವರು, ಕಂಪನಿ ಸೇಲ್ಸಿನವರು. ಆಮೇಲೆ ಮದುವೆ. ಕಾರ್ಪೊರೇಷನ್ ಬ್ಯಾಂಕಿನ ಪ್ರಧಾನ ಕಚೇರಿ ಇಲ್ಲೇ ಇತ್ತು, 2020ರಲ್ಲಿ ಅದು ಯೂನಿಯನ್ ಬ್ಯಾಂಕಿಗೆ ಸೇರಿದ ಮೇಲೆ ಮೀಟಿಂಗಿಗೆ, ಇನ್‌ಸ್ಪೆಕ್ಷನ್ನಿಗೆ ಅಂತ ಬರುತ್ತಿದ್ದವರು ಕಡಿಮೆಯಾದರು. ಕ್ರೂಸ್ ಹಡಗು ಬಂದಾಗ ಪೇಪರಿನಲ್ಲಿ ಫೋಟೋ ಬರುತ್ತದೆ, ಆದರೆ ಆ ಪ್ರವಾಸಿಗರು ಊರು ಸುತ್ತಿ ಸಂಜೆ ಹಡಗಿಗೇ ವಾಪಸ್ಸು. ಒಂದು ರೂಮೂ ಹೋಗುವುದಿಲ್ಲ. ಮಳೆಗಾಲದಲ್ಲಿ ಡಲ್, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮದುವೆಯೂ ಇಲ್ಲ.

ಇದನ್ನು ಹೇಳಿದ್ದು ಹೋಟೆಲ್ ಬೇಡ ಅನ್ನಲು ಅಲ್ಲ. ಹಂಪನಕಟ್ಟೆ ಹತ್ತಿರ ಸಾಧಾರಣ ದರದ, ಕ್ಲೀನಾದ ರೂಮಿಗೆ ಬೇಡಿಕೆ ಖಂಡಿತ ಉಂಟು. ರೋಗಿ ಕಡೆಯವರು ಆಸ್ಪತ್ರೆಯ ಹತ್ತಿರವೇ ಉಳಿಯಬೇಕು, ಅವರಿಗೆ ಈಜುಕೊಳ ಬೇಡ, ಲಿಫ್ಟ್ ಬೇಕು, ಗಂಜಿ ಊಟ ಬೇಕು, ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಬಾಗಿಲು ತೆಗೆಯುವವರು ಬೇಕು. ಆದರೆ ನಿಮ್ಮ 34 ಸೆಂಟ್ಸ್ ಅಂದರೆ ಸುಮಾರು 14,800 ಚದರಡಿ. ಅದರಲ್ಲಿ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಬಿಟ್ಟು, ನಾಗಬನ ಬಿಟ್ಟು, ದೊಡ್ಡ ಹಾಲ್ ಮಾಡಿ ಮದುವೆ ಕಾರುಗಳಿಗೆ ಜಾಗ ಕೊಡುವುದು ಆಗದ ಮಾತು. ಹಾಲ್ ಇಲ್ಲದಿದ್ದರೆ ಮದುವೆ ದುಡ್ಡು ಇಲ್ಲ. ನಿಮಗೆ ಹೇಳಿದ ಬಾಡಿಗೆ ಬರೀ ರೂಮಿನ ವ್ಯಾಪಾರದಿಂದ ಹುಟ್ಟಬೇಕು. ಅದು ಜಾಸ್ತಿ ಅಂತ ಕಂಡರೆ ಸಂಶಯ ಪಡಿ. ಎರಡನೆ ವರ್ಷ ಬಂದು ಕಡಿಮೆ ಮಾಡಿ ಅಂತ ಕೂರುತ್ತಾರೆ.

ಬಾಡಿಗೆಗಿಂತ ಮುಖ್ಯ ಪ್ರಶ್ನೆ ಒಂದು ಉಂಟು. ಕಟ್ಟುವ ಹಣ ಅವರ ಕೈಯದ್ದಾ, ಬ್ಯಾಂಕ್ ಸಾಲವಾ? ಸಾಲ ಆದರೆ ಬ್ಯಾಂಕಿನವರು ನಿಮ್ಮ ಜಾಗದ ಅಡಮಾನ ಕೇಳಬಹುದು. ಅದಕ್ಕೆ ಮಾತ್ರ ಸಹಿ ಹಾಕಬೇಡಿ. ಜಾಗ ನಮ್ಮ ಹೆಸರಿನಲ್ಲಿ ಉಳಿಯುತ್ತದೆ ಅನ್ನುವ ನಿಮ್ಮ ಅಣ್ಣನ ಸಮಾಧಾನ ಆ ಒಂದು ಸಹಿಯಲ್ಲಿ ಹೋಗುತ್ತದೆ. ಲಾಕ್-ಇನ್ (ಅವರು ಬಿಟ್ಟು ಹೋಗಬಾರದ ಅವಧಿ) ಎಷ್ಟು ವರ್ಷ, ಅವರು ಅರ್ಧಕ್ಕೆ ಬಿಟ್ಟು ಹೋದರೆ ಕಟ್ಟಡ ಯಾರದು, ಇನ್ನೊಬ್ಬರಿಗೆ ಸಬ್‌ಲೀಸ್ ಕೊಡಬಹುದಾ, ಬಾರ್ ತೆರೆಯಬಹುದಾ (ನಾಗಬನದ ಪಕ್ಕ ಬಾರ್ ನಿಮಗೆ ಒಪ್ಪಿಗೆಯಾ?), ಇದೆಲ್ಲ ಕರಾರಿನಲ್ಲಿ ಬರಲಿ.

ಶೇಡಿಮಣ್ಣು:

ಸಿವಿಲ್ ಇಂಜಿನಿಯರ್ ನಾನು, ನೆಲದ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಹೋಟೆಲಾಗಲಿ ಫ್ಲಾಟಾಗಲಿ ಇಬ್ಬರೂ ಬೇಸ್‌ಮೆಂಟ್ ಪಾರ್ಕಿಂಗ್ ತೋರಿಸಿಯೇ ಪ್ಲಾನ್ ತರುತ್ತಾರೆ.

ನಮ್ಮ ಊರಿನ ನೆಲ ಮೇಲಿಂದ ನೋಡಿದರೆ ಗಟ್ಟಿ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು). ಅದರ ಕೆಳಗೆ ಶೇಡಿ ಮಣ್ಣು, ಒಂದು ಬಗೆಯ ಮೆದು ಜೇಡಿ. ಒಣಗಿದ್ದಾಗ ಅದು ನೆಟ್ಟಗೆ ಗೋಡೆ ಹಾಗೆ ನಿಲ್ಲುತ್ತದೆ, ನೀರು ಕುಡಿಯಿತೋ ಶಕ್ತಿಯೆಲ್ಲ ಹೋಗಿ ಜಾರುತ್ತದೆ. ಮುರಕಲ್ಲು ಕಡಿದು ಎರಡು ಅಂತಸ್ತು ಕೆಳಗೆ ಹೋದರೆ ಅನೇಕ ಕಡೆ ಸಿಗುವುದು ಇದೇ. 2024ರ ಜುಲೈಯಲ್ಲಿ ಬಲ್ಮಠದಲ್ಲಿ ಕಟ್ಟಡದ ಕೆಲಸದ ಜಾಗದಲ್ಲಿ ಮಣ್ಣು ಕುಸಿದು ಕಾರ್ಮಿಕರೊಬ್ಬರು ತೀರಿಕೊಂಡರು, ಇನ್ನೊಬ್ಬರನ್ನು ಬದುಕಿಸಿ ಹೊರತೆಗೆದರು. ಸುರಿಯುವ ಮಳೆಯಲ್ಲಿ ಗುಂಡಿಯೊಳಗೆ ಜನ ಇಳಿಸಿ ಕೆಲಸ ಮಾಡಿಸುವುದನ್ನು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವರು ಎಲ್ಲಿಂದಲೋ ಕೂಲಿಗೆ ಬಂದವರು, ನಮ್ಮ ಊರಿನ ಮಣ್ಣು ಅವರಿಗೆ ಗೊತ್ತಿರುವುದಿಲ್ಲ. ನಮಗೆ ಗೊತ್ತಿರುತ್ತದೆ.

ನೀವು ಜಾಗದ ಯಜಮಾನರು, ನಿಮಗೆ ಕೇಳುವ ಹಕ್ಕುಂಟು. ಕರಾರಿನಲ್ಲಿ ಹಾಕಿಸಿ: ಬೋರ್‌ಹೋಲ್ ತೆಗೆದು ಮಣ್ಣಿನ ಪರೀಕ್ಷೆ ಆಗಬೇಕು, ಅಗೆಯುವ ಮುಂಚೆ ತಡೆಗೋಡೆಯ ಡಿಸೈನ್ ಕೊಡಬೇಕು, ಜೂನ್‌ನಿಂದ ಸೆಪ್ಟೆಂಬರ್ ತನಕ ಅಗೆತ ಇಲ್ಲ. ಬಿಲ್ಡರ್ ನಾಲ್ಕು ತಿಂಗಳು ಹೋಯಿತಲ್ಲ ಅನ್ನುತ್ತಾರೆ, ಹೋಗಲಿ. ಪಕ್ಕದ ಮನೆಯ ಕಾಂಪೌಂಡು, ಬಾವಿ ಎಲ್ಲದರ ಫೋಟೋ ಮೊದಲೇ ತೆಗೆದಿಡಿ.

ಇನ್ನೊಂದು, ನಿಮ್ಮ ಎದುರಿನ ರಸ್ತೆ ಎಷ್ಟು ಅಗಲ? ಎಷ್ಟು ಮಹಡಿ ಅನ್ನುವುದು ಅದರ ಮೇಲೆ ನಿಂತಿದೆ. ಓಣಿ ಸಣ್ಣದಾದರೆ ಬಿಲ್ಡರ್ ಹೇಳುವ 40 ಪರ್ಸೆಂಟ್ ಯಾವುದರ 40 ಪರ್ಸೆಂಟ್ ಅಂತ ನೋಡಬೇಕು.

ಎಂಟನೇಮಹಡಿ:

ನಾನು ಕೊಡಿಯಾಲ್‌ಬೈಲ್ ಕಡೆ ಫ್ಲಾಟಿನಲ್ಲಿ ಇರುವವಳು. ಮೇಲಿನ ಎಲ್ಲರೂ ಕಾಗದ, ಮಣ್ಣು, ವ್ಯಾಪಾರ ಹೇಳಿದರು, ಸರಿಯೇ. ಅಲ್ಲಿ ದಿನಾ ಬದುಕುವವರ ಕಡೆಯಿಂದ ಒಂದೆರಡು ಮಾತು.

ಖಾಲಿ ಫ್ಲಾಟಿನ ವಿಷಯ ನೀವು ಹೇಳಿದ್ದು ನಿಜ. ಆದರೆ ಅದಕ್ಕೆ ಫ್ಲಾಟು ಕಾರಣ ಅಲ್ಲ, ಎಂಥ ಫ್ಲಾಟು ಅನ್ನುವುದು ಕಾರಣ. ಮೂರು ಬೆಡ್‌ರೂಮು, ಇಟಾಲಿಯನ್ ಮಾರ್ಬಲ್, ಮೇಲೆ ಪಾರ್ಟಿ ಹಾಲ್ ಅಂತ ಕಟ್ಟಿದರೆ ಅದನ್ನು ತೆಗೆದುಕೊಳ್ಳುವವರು ಹೊರಗೆ ದುಡಿಯುವವರೇ, ವರ್ಷಕ್ಕೊಮ್ಮೆ ಬರುತ್ತಾರೆ. ಪೇಟೆಯಲ್ಲಿ ಕೆಲಸ ಮಾಡುವ ನರ್ಸ್‌ಗಳು, ಬ್ಯಾಂಕಿನವರು, ಅಂಗಡಿಯವರು, ಕಾಲೇಜಿನ ಮೇಷ್ಟ್ರುಗಳು ಇರುವುದು ಎಲ್ಲಿ? ಸುರತ್ಕಲ್, ತೊಕ್ಕೊಟ್ಟು, ಬಿ.ಸಿ. ರೋಡ್‌ನಿಂದ ಬಸ್ಸಿನಲ್ಲಿ ಬರುತ್ತಾರೆ. ನಿಮ್ಮ ಪಾಲಿನ ಫ್ಲಾಟುಗಳನ್ನು ಸಣ್ಣದು ಮಾಡಿಸಿ, ಒಂದು ಮತ್ತು ಎರಡು ಬೆಡ್‌ರೂಮು, ಮಾರದೆ ಬಾಡಿಗೆಗೆ ಕೊಡಿ. ಅಣ್ಣನವರಿಗೆ ಬೇಕಾದ ತಿಂಗಳ ಆದಾಯವೂ ಬಂತು, ಅಮ್ಮ ಅಲ್ಲೇ ಉಳಿದರು, ಓಣಿಯಲ್ಲಿ ಜನವೂ ಇದ್ದರು. ಹೋಟೆಲ್ ಕಟ್ಟಿದರೆ ಅಮ್ಮ ಎಲ್ಲಿಗೆ ಹೋಗುತ್ತಾರೆ ಮಾರಾಯ್ರೆ? ನಿಮ್ಮ ಪ್ರಶ್ನೆಯಲ್ಲಿ ಅದಕ್ಕೆ ಉತ್ತರವೇ ಇಲ್ಲ.

ನೀರು ಮರೆಯಬೇಡಿ. ಇಡೀ ಊರಿಗೆ ನೀರು ಬರುವುದು ತುಂಬೆಯ ಅಣೆಕಟ್ಟಿನಿಂದ, ನೇತ್ರಾವತಿ ಬತ್ತಿದರೆ ಮುಗಿಯಿತು. 2019ರ ಬೇಸಿಗೆಯಲ್ಲಿ ರೇಷನಿಂಗ್ ಆಗಿ ನಾವು ಟ್ಯಾಂಕರಿಗೆ ಕಾದದ್ದು ಮರೆಯಲು ಆಗುವುದಿಲ್ಲ. ವರ್ಷಕ್ಕೆ ಇಷ್ಟು ಮಳೆ ಸುರಿಯುವ ಊರಿನಲ್ಲಿ ಮೇ ತಿಂಗಳಲ್ಲಿ ನೀರಿಲ್ಲ ಅಂದರೆ ಎಷ್ಟು ನೋವಿನ ಮಾತು. ನಿಮ್ಮ ಹಳೆ ಮನೆಯಲ್ಲಿ ಬಾವಿ ಇದ್ದೇ ಇರುತ್ತದೆ. ಅದನ್ನು ಮುಚ್ಚಲು ಬಿಡಬೇಡಿ, ಮಾಡಿನ ನೀರು ಅದಕ್ಕೇ ಇಳಿಯುವ ಹಾಗೆ ಮಾಡಿಸಿ.

ಮತ್ತೆ ಓಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಆಕ್ಯುಪೆನ್ಸಿ ಸರ್ಟಿಫಿಕೇಟ್. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಈ ಸರ್ಟಿಫಿಕೇಟ್ ನೋಡಿಯೇ ಕರೆಂಟು, ನೀರಿನ ಕನೆಕ್ಷನ್ ಕೊಡಬೇಕು ಅಂತ. ಮುಂಚಿನ ಹಾಗೆ ಆಮೇಲೆ ಮಾಡಿಸಿಕೊಡುತ್ತೇವೆ ಅನ್ನುವ ಮಾತಿಗೆ ಒಪ್ಪಬೇಡಿ. ಪ್ಲಾನಿಗಿಂತ ಒಂದು ಮಹಡಿ ಜಾಸ್ತಿ ಎಳೆದರೆ ಕಷ್ಟ ಬಿಲ್ಡರಿಗೆ ಅಲ್ಲ, ಒಳಗೆ ಇರುವವರಿಗೆ.

ಫ್ರಂಟ್‌ಆಫೀಸ್:

ಅಮ್ಮನ ವಿಷಯದಲ್ಲಿ ಎಂಟನೇಮಹಡಿಯವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಬಾಡಿಗೆ ಫ್ಲಾಟು ಅಂದರೆ ಸುಮ್ನೆ ಕೂತು ತಿನ್ನುವ ಆದಾಯ ಅಲ್ಲ. ಪಂಪ್ ಹಾಳು, ಲಿಫ್ಟ್ ಹಾಳು, ಬಾಡಿಗೆ ತಡ, ಇದನ್ನು ನೋಡುವವರು ಇಬ್ಬರು ವಯಸ್ಸಾದ ಹೆಂಗಸರಾ? ಕೆಳಗಿನ ಎರಡು ಮಹಡಿಯನ್ನು ಸರ್ವಿಸ್ ಅಪಾರ್ಟ್‌ಮೆಂಟ್ ನಡೆಸುವವರಿಗೆ ಸಣ್ಣ ಅವಧಿಗೆ, ಐದು ವರ್ಷದ ಹಾಗೆ ಕೊಡಬಹುದು. ಆಸ್ಪತ್ರೆಗೆ ಬರುವವರಿಗೆ ಅಡುಗೆ ಮಾಡಿಕೊಳ್ಳುವ ರೂಮು ಬೇಕೇ ಬೇಕು, ಪೇಟೆಯಲ್ಲಿ ಅಂಥದ್ದು ಕಡಿಮೆ. ಅವರಿಗೆ ಬೇರೆ ಮೆಟ್ಟಿಲು, ಬೇರೆ ಬಾಗಿಲು ಇರಲಿ, ಮೇಲಿನ ಮನೆಯವರಿಗೆ ಕಿರಿಕಿರಿ ಆಗಬಾರದು. ಮೊದಲೇ ಪ್ಲಾನಿನಲ್ಲಿ ಆ ಭಾಗಕ್ಕೆ ವಾಣಿಜ್ಯ ಬಳಕೆಯ ಅನುಮತಿ ತೆಗೆಸಿ.

ಹಂಚಿನಮನೆ:

ಎಲ್ಲರಿಗೂ ತುಂಬಾ ಧನ್ಯವಾದ. ಅಣ್ಣನಿಗೂ ಇದನ್ನೆಲ್ಲ ಕಳಿಸಿದೆ. ಅಡಮಾನದ ವಿಷಯ ಓದಿ ಅವನು ಹೋಟೆಲಿನವರಿಗೆ ಫೋನ್ ಮಾಡಿ ಕೇಳಿದ, ಬ್ಯಾಂಕಿಗೆ ನಮ್ಮ ಸಹಿ ಬೇಕಾಗುತ್ತದೆ ಅಂತ ಅವರೇ ಹೇಳಿದರು. ಅಲ್ಲಿಗೆ ಅದು ಮುಗಿಯಿತು. ಬಿಲ್ಡರ ಹತ್ತಿರ ಸಣ್ಣ ಫ್ಲಾಟಿನ ಮಾತು ತೆಗೆಯುತ್ತೇವೆ. ಬಾವಿ ಉಂಟು, ಒಳ್ಳೆಯ ನೀರು. ಕೆಲಸ ನಡೆಯುವಾಗ ಅಮ್ಮನಿಗೆ ಅದೇ ಓಣಿಯಲ್ಲಿ ಬಾಡಿಗೆ ಮನೆ ಬಿಲ್ಡರ್ ಕೊಡಬೇಕು ಅಂತಲೂ ಕೇಳುತ್ತೇವೆ. ಎದುರಿನ ರಸ್ತೆ ಅಷ್ಟು ಅಗಲ ಇಲ್ಲ, ಅಳೆಸಬೇಕು. ನಾಗಬನಕ್ಕೆ ಎಷ್ಟು ಜಾಗ ಬಿಡಿಸಬೇಕು ಅಂತ ಯಾರಾದರೂ ಹೇಳಬಹುದಾ?

ಶೇಡಿಮಣ್ಣು:

ಬನದ ಕಟ್ಟೆ ಮಾತ್ರ ಬಿಟ್ಟರೆ ಸಾಕಾಗುವುದಿಲ್ಲ. ಮರದ ಬೇರು ಹೋದಷ್ಟು ಅಗಲ ಬೇಸ್‌ಮೆಂಟ್ ಬರಬಾರದು, ಇಲ್ಲದಿದ್ದರೆ ಎರಡು ಮಳೆಯಲ್ಲಿ ಮರ ಒಣಗುತ್ತದೆ. ತಂಬಿಲಕ್ಕೆ (ನಾಗನ ಪೂಜೆಗೆ) ಕುಟುಂಬದವರು ಬರುತ್ತಾರಲ್ಲ, ರಸ್ತೆಯಿಂದ ಬನಕ್ಕೆ ಬೇರೆಯೇ ದಾರಿ ಇರಲಿ, ಪಾರ್ಕಿಂಗ್ ಒಳಗಿಂದ ಹೋಗುವ ಹಾಗೆ ಆಗಬಾರದು. ಆ ತುಂಡನ್ನು ಸರ್ವೆ ಮಾಡಿಸಿ, ಜೆಡಿಎಯ ಶೆಡ್ಯೂಲಿನಿಂದಲೇ (ಕರಾರಿಗೆ ಸೇರಿದ ಜಾಗದ ವಿವರ) ಹೊರಗಿಟ್ಟು ನಿಮ್ಮ ಕುಟುಂಬದ ಹೆಸರಿನಲ್ಲಿ ಉಳಿಸಿಕೊಳ್ಳಿ, ಅದನ್ನು ಬಿಟ್ಟರೆ ಸೆಟ್‌ಬ್ಯಾಕ್ ಲೆಕ್ಕ ಏನಾಗುತ್ತದೆ ಅಂತ ಆರ್ಕಿಟೆಕ್ಟ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಫ್ಲಾಟು ಮಾರಿದ ಮೇಲೆ ನೆಲದಲ್ಲಿ ಎಲ್ಲರಿಗೂ ಪಾಲು ಬರುತ್ತದೆ, ಆಗ ಇದನ್ನು ಬಿಡಿಸಿಕೊಳ್ಳುವುದು ಬಹಳ ಕಷ್ಟ.