ತಾಯಿಯಿಲ್ಲದ ಮೂರು ನಾಯಿಮರಿ: ಎರಡು ತಿಂಗಳು ಸಾಕಿ ಮನೆ ಹುಡುಕೋದು ಹೇಗೆ?

ಹಾಳೆಟೋಪಿ (ತೀರ್ಥಹಳ್ಳಿ)
ಸುಮಾರು ಐದು ವಾರದ ಮೂರು ಬೀದಿಮರಿ, ಎರಡು ಹೆಣ್ಣು, ಒಂದು ಗಂಡು. ಮನೇಲಿ ಮೂರು ವರ್ಷದ ನಾಯಿ ಇದೆ, ಅದಕ್ಕೆ ರೇಬೀಸ್ ಲಸಿಕೆ ಮಾತ್ರ ಆಗಿದೆ. ಮರಿಗಳನ್ನ ಅದರ ಜೊತೆ ಯಾವಾಗ ಬಿಡಬಹುದು? ಲಸಿಕೆ ಲೆಕ್ಕ ಹೇಗೆ? ಆಗಲೇ ಇಬ್ಬರು "ತೋಟ ಕಾಯಕ್ಕೆ ಬೇಕು, ಗಂಡಾದ್ರೆ ಇವತ್ತೇ ಒಯ್ತೀವಿ" ಅಂತಿದಾರೆ. ಕೊಡಬಹುದಾ?

ಬಚ್ಚಲೊಲೆ
ಮೊದಲು ದೊಡ್ಡ ನಾಯಿಗೆ ಡಿಸ್ಟೆಂಪರ್ (ನಾಯಿಗಳಿಗೆ ಅಂಟೋ ವೈರಸ್ ಜ್ವರ), ಪಾರ್ವೊ (ವಾಂತಿ, ರಕ್ತಬೇಧಿ ತರೋ ವೈರಸ್), ಇಲಿಜ್ವರ ಸೇರಿದ ಚುಚ್ಚುಮದ್ದು ಹಾಕಿಸಿ, 3–4 ವಾರ ಬಿಟ್ಟು ಇನ್ನೊಂದು.

ಮರಿಗಳು 14 ದಿನ ಬೇರೇನೇ ಇರಲಿ. ಪಾರ್ವೊ ತಗುಲಿದ ಮರಿ ನಾಲ್ಕೈದು ದಿನ ಆಡ್ಕೊಂಡೇ ಇರುತ್ತೆ. ಅಂಗಳದ ಮಣ್ಣಿಗೆ ಸೇರಿದ್ರೆ ಆ ವೈರಸ್ ತಿಂಗಳುಗಟ್ಟಲೆ ಉಳಿಯುತ್ತೆ, ಮಣ್ಣನ್ನ ತೊಳೆಯಕ್ಕಾಗಲ್ಲ. ಅದಕ್ಕೇ ಸಿಮೆಂಟ್ ನೆಲ ಬೇಕು, ಹಳೆ ಬಚ್ಚಲುಮನೆ ಆದ್ರೂ ಸೈ. ಫಿನಾಯಿಲ್ ಹಾಕಿ ಸಮಾಧಾನ ಪಟ್ಕೋಬೇಡಿ ಮಾರಾಯ್ರೆ, ಪಾರ್ವೊ ಅದಕ್ಕೆ ಜಗ್ಗಲ್ಲ. ಹೇಲು ಬಳಿದು, ಸೋಪಿನ ನೀರಲ್ಲಿ ಉಜ್ಜಿ ತೊಳೆದು, ಆಮೇಲೆ 10 ಲೀಟರ್ ನೀರಿಗೆ ಸುಮಾರು 60 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ ಸುರಿದು 10 ನಿಮಿಷ ಒದ್ದೆಯಾಗೇ ಬಿಡಿ, ಕೊನೆಗೆ ಬರೀ ನೀರಲ್ಲಿ ತೊಳೆಯಿರಿ. ಗಲೀಜಿನ ಮೇಲೇ ಸುರಿದ್ರೆ ಪುಡಿಯ ಶಕ್ತಿ ಅಲ್ಲೇ ಮುಗಿದುಹೋಗುತ್ತೆ. ಮಳೆಗಾಲದಲ್ಲಿ ಬಾಯಿ ಕಟ್ಟದೆ ಇಟ್ಟು ಘಾಟು ಹೋದ ಪುಡಿ ಸುಣ್ಣಕ್ಕೆ ಸಮ, ಹೊಸದು ತನ್ನಿ.

ಆ ಕೋಣೆಗೇ ಅಂತ ಬೇರೆ ಚಪ್ಪಲಿ. ದೊಡ್ಡ ನಾಯಿಯ ಕೆಲಸ ಮುಗಿಸಿಯೇ ಮರಿಗಳ ಹತ್ರ ಹೋಗಿ, ಉಲ್ಟಾ ಬೇಡ.

ಉಂಬಳದಕಾಟ
ಮರಿಗಳ ಲಸಿಕೆ: ಹುಟ್ಟಿ 45 ದಿನ ಆದ್ಮೇಲೆ ಮೊದಲನೆಯದು, ನಂತರ 3–4 ವಾರಕ್ಕೊಂದು, ಮರಿಗೆ 16 ವಾರ ಆಗೋವರೆಗೆ. ರೇಬೀಸ್ 3 ತಿಂಗಳಿಗೆ. ಒಂದೇ ಒಂದು ಚುಚ್ಚಿಸಿ "ಲಸಿಕೆ ಆಗಿದೆ" ಅಂತ ಕೊಡೋದು ಮೋಸ. ತಾಯಿಹಾಲಿನ ರಕ್ಷಣೆ ಮೈಯಲ್ಲಿ ಇರೋವಷ್ಟು ದಿನ ಲಸಿಕೆ ಸರಿಯಾಗಿ ಹಿಡಿಯಲ್ಲ, ಅದು ಯಾವ ವಾರ ಇಳಿಯುತ್ತೆ ಅಂತ ಹೊರಗಿಂದ ತಿಳಿಯಲ್ಲ.

ಜಂತುಹುಳದ ಔಷಧಿ 12 ವಾರದವರೆಗೆ 15 ದಿನಕ್ಕೊಮ್ಮೆ, ತೂಕದ ಲೆಕ್ಕದಲ್ಲಿ. ಅಡುಗೆಮನೆ ತಕ್ಕಡಿ ಸಾಕು. ದಿನಾ ಒಂದೇ ಹೊತ್ತಿಗೆ ತೂಗಿ ಗೋಡೆ ಕ್ಯಾಲೆಂಡರಿನಲ್ಲೇ ಬರೀರಿ. ಎರಡು ದಿನ ತೂಕ ಏರದಿದ್ರೆ ಏನೋ ಶುರುವಾಗಿದೆ ಅಂತಲೇ ತಿಳೀರಿ. ವಸಡನ್ನ ಹೆಬ್ಬೆರಳಲ್ಲಿ ಒತ್ತಿ ಬಿಡಿ, ಬಿಳುಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ವಾಂತಿ ಮಾಡಿ ಊಟ ಬಿಟ್ಟ ಮರಿಯನ್ನ "ಬೆಳಗಾಗಲಿ ನೋಡೋಣ" ಅಂತ ಇಟ್ಕೋಬೇಡಿ, ಡ್ರಿಪ್ ಹಾಕೋ ಡಾಕ್ಟ್ರ ಹತ್ರ ಒಯ್ಯಿರಿ. ಶಿವಮೊಗ್ಗಕ್ಕೆ ಹೋಗೋದಾದ್ರೆ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ.

ಉಣುಗಿಗೆ ದನಕ್ಕೆ ತಂದಿಟ್ಟ ಔಷಧಿ ಹಚ್ಚಬೇಡಿ, ಅಳತೆ ತಪ್ಪಿದ್ರೆ ಮರಿ ನಡುಗಿ ಬೀಳುತ್ತೆ. ಚಿಮಟದಲ್ಲಿ ಚರ್ಮದ ಬುಡಕ್ಕೇ ಹಿಡಿದು ನೇರ ಎಳೆದು ಸೋಪಿನ ನೀರಿಗೆ ಹಾಕಿ, ಉಗುರಲ್ಲಿ ಕುಟ್ಟಬೇಡಿ. 1957ರಲ್ಲಿ ಉಣುಗಿಂದ ಹರಡೋ ಮಂಗನ ಕಾಯಿಲೆ ಮೊದಲು ಕಂಡಿದ್ದು ನಮ್ಮ ಸೊರಬದ ಕ್ಯಾಸನೂರಲ್ಲೇ. ಉಣುಗು ಅಂದ್ರೆ ಹಗುರ ಅಲ್ಲ.

ಮರಿ ಹಲ್ಲು ತಾಗಿ ರಕ್ತ ಬಂದ್ರೆ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ. ತಾಯಿ ಯಾವುದೋ ಏನೋ, ರೇಬೀಸ್ ವಿಷಯದಲ್ಲಿ "ಮರಿ ತಾನೇ" ಅನ್ನೋ ಮಾತಿಲ್ಲ.

ಜಗಲಿಕಟ್ಟೆ
ತೋಟದ ಮನೆ ಅಂದಕೂಡಲೇ ಬೇಡ ಅನ್ನಬೇಕಿಲ್ಲ. ಒಂದು ಪ್ರಶ್ನೆ ಕೇಳಿ: "ನಿಮ್ಮ ಹಿಂದಿನ ನಾಯಿ ಏನಾಯ್ತು?" ಕೇಳಿ ಸುಮ್ಮನಿರಿ, ಅವರೇ ಹೇಳ್ತಾರೆ. "ಚಿರತೆ ಒಯ್ತು, ಅದಕ್ಕೇ ಇನ್ನೊಂದು ಬೇಕು" ಅಂದ್ರೆ ರಾತ್ರಿ ಎಲ್ಲಿ ಕಟ್ಟಿದ್ರು ಅಂತ ಕೇಳಿ. ಗ್ರಿಲ್ ಹಾಕಿದ ಜಗಲಿಯಲ್ಲಿ ಮಲಗಿಸೋದಾದ್ರೆ ಕೊಡಿ, ಸರಪಳಿಯಲ್ಲಿ ಅಂಗಳಕ್ಕೆ ಅಂದ್ರೆ ಬೇಡ. ಬಸವನಹುಳ ಕೊಲ್ಲೋ ಮೆಟಾಲ್ಡಿಹೈಡ್ ವಿಷದ ಮಾತ್ರೆ, ಇಲಿಪಾಷಾಣ ಎಲ್ಲಿಡ್ತಾರೆ ಅಂತ ಹೋಗಿ ನೋಡಿ. ಆ ಮಾತ್ರೆಯಲ್ಲಿ ಬಹಳ ಸಲ ತೌಡು ಇರುತ್ತೆ, ನಾಯಿ ಹುಡುಕ್ಕೊಂಡು ಹೋಗಿ ತಿನ್ನುತ್ತೆ. ಸುತ್ತ ಹಂದಿಗೆ ಉರುಳು ಕಟ್ಟೋ ಜಾಗವಾದ್ರೆ ಅದೂ ಲೆಕ್ಕಕ್ಕೆ ಬರಲಿ.

"ಇವತ್ತೇ" ಅನ್ನೋರಿಗೆ ಮರಿಗೆ 8 ವಾರ ತುಂಬೋವರೆಗೆ ಕಾಯಿರಿ ಅನ್ನಿ. ಎಷ್ಟು ಬಲವಾಗಿ ಕಚ್ಚಬಾರದು ಅಂತ ಮರಿ ಕಲಿಯೋದು ಒಡಹುಟ್ಟಿದವರ ಜೊತೆ ಕಚ್ಚಾಡಿಯೇ. ಕಾಯಕ್ಕಾಗದೋರು ತಾವಾಗೇ ಬಿಟ್ಟುಹೋಗ್ತಾರೆ, ನಷ್ಟ ಏನಿಲ್ಲ.

ಕಷ್ಟ ಇರೋದು ಹೆಣ್ಣುಮರಿಗಳಿಗೆ. ಬೇಡ ಅನ್ನೋರ ಭಯ ಒಂದೇ, ಮರಿ ಹಾಕುತ್ತೆ ಅಂತ. "ಆರು ತಿಂಗಳಿಗೆ ಆಪರೇಷನ್, ಖರ್ಚು ನಮ್ಮದು" ಅಂತ ಜಾಹೀರಾತಿನ ಮೊದಲ ಸಾಲಲ್ಲೇ ಹಾಕಿ. ದುಡ್ಡು ಡಾಕ್ಟ್ರಿಗೇ ಕೊಡಿ, ಮರಿ ಒಯ್ಯೋರ ಕೈಗಲ್ಲ. ಫೋಟೋ ನೆಲಕ್ಕೆ ಕೂತು ಮರಿಯ ಕಣ್ಣಿನ ಮಟ್ಟದಲ್ಲಿ ತೆಗೀರಿ, ಕಪ್ಪು ಮರಿಯಾದ್ರೆ ಹಿಂದೆ ಬಿಳಿ ಪಂಚೆ ಹಿಡೀರಿ. "ಸಾಕಲಾಗದಿದ್ದರೆ ನಮಗೇ ವಾಪಸ್" ಅಂತ ಬರೆಸಿಕೊಳ್ಳಿ. 3ನೇ ದಿನ, 15ನೇ ದಿನ ಫೋನ್ ಮಾಡಿ.

ಹಾಳೆಟೋಪಿ
ಗಂಡು ಕೇಳಿದೋರಲ್ಲಿ ಒಬ್ಬರು ಸಸ್ಯಾಹಾರಿಗಳು. ಮೊಸರನ್ನ ಸಾಕಾ?

ಉಂಬಳದಕಾಟ
ಬೆಳೆಯೋ ಮರಿಗೆ ಸಾಲಲ್ಲ. ಬರೀ ಅನ್ನದಲ್ಲಿ ಹೊಟ್ಟೆ ಗುಡಾಣ, ಬೆನ್ನು ಕಡ್ಡಿ. ಮೊಟ್ಟೆ ಒಳಗೆ ಬರಲ್ಲ ಅಂದ್ರೆ ಪ್ಯಾಕೆಟ್ಟಿನ ಮರಿ ಆಹಾರವನ್ನ ಬಿಸಿನೀರಲ್ಲಿ ನೆನೆಸಿ ದಿನಕ್ಕೆ 4 ಸಲ ಕೊಡಲಿ. ಈರುಳ್ಳಿ ಹಾಕಿದ್ದು ಬೇಡ. ಹಬ್ಬದ ದಿನ ಪಾಯಸ ಹಾಕೋ ಅಭ್ಯಾಸ ಇದ್ರೆ ಅದರಲ್ಲಿನ ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತೆ ಅಂತ ಈಗಲೇ ಹೇಳಿಬಿಡಿ.

ಬಚ್ಚಲೊಲೆ
ಕೊಡೋ ದಿನ ಹೊರಡೋ 3 ಗಂಟೆ ಮುಂಚೆಯಿಂದ ಊಟ ಬೇಡ, ಘಾಟಿ ತಿರುವಲ್ಲಿ ವಾಂತಿ ಗ್ಯಾರಂಟಿ. ಮಲಗ್ತಿದ್ದ ಗೋಣಿಚೀಲವನ್ನ ಒಗೆಯದೆ ಹಾಗೇ ಜೊತೆಗೆ ಕಳಿಸಿ, ಮೊದಲ ರಾತ್ರಿ ಆ ವಾಸನೆಗೇ ಮಲಗುತ್ತೆ.