ಬೆರೋಲ್ಡ್ ಕಂಡದ್ದೆಷ್ಟು?

ರಮೇಶ್ (ಫಾರ್ವರ್ಡ್): 1120ರ ನವೆಂಬರ್ 25. ಬೆಳದಿಂಗಳಲ್ಲಿ ನಾರ್ಮಂಡಿಯ ಬಾರ್‌ಫ್ಲರ್ ಬಿಟ್ಟ ಶ್ವೇತನೌಕೆ ಬಂಡೆಗೆ ಬಡಿಯಿತು. ಇಂಗ್ಲೆಂಡಿನ ದೊರೆ 1ನೇ ಹೆನ್ರಿಯ ಮಗ ವಿಲಿಯಂ ಮುಳುಗಿದ. ಬದುಕುಳಿದ ಒಬ್ಬನೇ ಒಬ್ಬ, ಕಟುಕ ಬೆರೋಲ್ಡ್, ಎಲ್ಲವನ್ನೂ ಕಣ್ಣಾರೆ ಕಂಡ.

ಸುಜಾತಾ: "ಎಲ್ಲವನ್ನೂ" ಅನ್ನೋದು ತಪ್ಪು, ರಮೇಶ್. ಬೆಳದಿಂಗಳೂ ತಪ್ಪು.

ನಾಗರಾಜ: ಬೆಳದಿಂಗಳು ಆ ಕಾಲದ ಸನ್ಯಾಸಿ-ಚರಿತ್ರೆಕಾರ ಆರ್ಡೆರಿಕ್ ಬರೆದದ್ದೇ ಅಲ್ವಾ? 19ನೇ ದಿನದ ಚಂದ್ರ, ವೃಷಭ ರಾಶಿ, ಸುಮಾರು ಒಂಬತ್ತು ಗಂಟೆ ಬೆಳಕು.

ಸುಜಾತಾ: ಬರೆದಿದ್ದಾನೆ. ಗೊತ್ತಿರೋ ಒಂದು ಅಮಾವಾಸ್ಯೆಯಿಂದ 29.53059 ದಿನದ ಲೆಕ್ಕದಲ್ಲಿ ಹಿಂದಕ್ಕೆ ಎಣಿಸು. ಅವತ್ತು ಬರೋದು ಶುಕ್ಲಪಕ್ಷದ ತದಿಗೆ ಆಸುಪಾಸು. ಹೊತ್ತು ಮುಳುಗಿ ಎರಡು ಮೂರು ಗಂಟೆಗೆ ಆ ಚಂದ್ರನೂ ಮುಳುಗಿರ್ತಾನೆ. ಒಂದು ಎಚ್ಚರಿಕೆ: ಆ ತಾರೀಖು ಜೂಲಿಯನ್ ಪಂಚಾಂಗದ್ದು. ಈಗಿನ ಪಂಚಾಂಗಕ್ಕೆ ಅದು ಡಿಸೆಂಬರ್ 2. ಹಾಗೇ ಹಾಕಿದ್ರೆ ಏಳು ದಿನ ತಪ್ಪುತ್ತೆ.

ನಾಗರಾಜ: ಹಾಗಾದ್ರೆ ಬೆರೋಲ್ಡ್ ಸುಳ್ಳುಗಾರ. ಇದ್ದ ಒಬ್ಬ ಸಾಕ್ಷಿಯೂ ಹೋದ.

ಸುಜಾತಾ: ಅವಸರ ಬೇಡ ಕಣೋ. ಪಟದ ಅಡ್ಡಮರ ತಬ್ಬಿಕೊಂಡು ನಡುಗ್ತಿದ್ದ ಕಟುಕ ರಾಶಿ ಎಣಿಸ್ತಾನಾ? ಅದು ಮಠದಲ್ಲಿ ಕೂತ ಸನ್ಯಾಸಿಯ ಸೇರ್ಪಡೆ. ತಪ್ಪನ್ನ ಬರೆದವನ ಲೆಕ್ಕಕ್ಕೆ ಹಾಕು, ನೋಡಿದವನ ಲೆಕ್ಕಕ್ಕಲ್ಲ.

ರಮೇಶ್: ಮತ್ತೆ ಬೆರೋಲ್ಡ್‌ಗೆ ಉಳಿಯೋದೇನು?

ಸುಜಾತಾ: ಕತ್ತಲಲ್ಲಿ ಕೈಗೆಟುಕಿದ್ದು, ಕಿವಿಗೆ ಬಿದ್ದದ್ದು. ಎಡಮಗ್ಗುಲು ಬಂಡೆಗೆ ಬಡಿದದ್ದು, ಜನರ ಕೂಗು. ಅದೇ ಮರ ಹಿಡಿದಿದ್ದ ಜೆಫ್ರಿ ಚಳಿಗೆ ಮರಗಟ್ಟಿ ಜಾರಿದ್ದು. ನಾವಿಕ ಥಾಮಸ್ ನೀರಿಂದ ತಲೆಯೆತ್ತಿ ರಾಜಕುಮಾರ ಏನಾದ ಅಂತ ಕೇಳಿದ್ದು. ಉತ್ತರ ಕೊಟ್ಟವರೇ ಮರ ಹಿಡಿದಿದ್ದ ಇವರಿಬ್ಬರು. ಬೆರೋಲ್ಡ್ ಟಗರಿನ ಚರ್ಮದ ಅಂಗಿ ತೊಟ್ಟಿದ್ದ, ಅವನು ಬದುಕುಳಿದದ್ದಕ್ಕೆ ಅದೂ ಹೊಂದುತ್ತೆ. ಜೆಫ್ರಿಯ ಮನೆತನದ ಊರು ಲೇಗ್ಲ್, ಆರ್ಡೆರಿಕ್‌ನ ಮಠಕ್ಕೆ ಹತ್ತಿರ. ಹಾಗಾಗಿ ಆ ಸಾವಿನ ಸುದ್ದಿ ಅವನಿಗೆ ಇನ್ನೊಂದು ದಾರಿಯಿಂದಲೂ ಬಂದಿರಬಹುದು.

ನಾಗರಾಜ: ರಾಜಕುಮಾರ ಸಣ್ಣ ದೋಣಿ ಹತ್ತಿ, ಅಕ್ಕನ ಅಳು ಕೇಳಿ ವಾಪಸ್ ಬಂದದ್ದು? ಅದು ಇಂಗ್ಲೆಂಡಿನ ಇನ್ನೊಬ್ಬ ಸನ್ಯಾಸಿ-ಚರಿತ್ರೆಕಾರ, ಮಾಮ್ಸ್‌ಬರಿಯ ವಿಲಿಯಂ ಬರೆದದ್ದು, 1125ರ ಹೊತ್ತಿಗೆ. ಆರ್ಡೆರಿಕ್‌ಗಿಂತ ಮೊದಲು.

ಸುಜಾತಾ: ಮೊದಲು ಬರೆದ ಅಂತ ಹತ್ತಿರದಿಂದ ಕಂಡ ಅಂತಾಗಲ್ಲ. ಆ ದೋಣಿಯಲ್ಲಿದ್ದವರು ಯಾರೂ ಉಳಿಯಲಿಲ್ಲ, ಆರ್ಡೆರಿಕ್ ಆ ಪ್ರಸಂಗವನ್ನೇ ಹೇಳಲ್ಲ.

ನಾಗರಾಜ: ಅಳು ಕೇಳಿಸೋಕೆ ಬೆಳಕು ಬೇಕಿಲ್ಲವಲ್ಲ.

ಸುಜಾತಾ: ಒಪ್ಪಿದೆ. ಅಳು ಕೇಳಿರಬಹುದು. ದೋಣಿ ತಿರುಗಿದ್ದನ್ನ ಕಂಡವರು ಯಾರು, ಅದನ್ನ ಹೇಳು.